ಮಗ ರಾತ್ರಿಯೆಲ್ಲ ಎಚ್ಚರ ಇರುತ್ತಾನೆ, ಸರಿ. ಹಗಲು ಎಲ್ಲಿ ಕೂಡುತ್ತಾನೆ?

ಓದುಗರ ಪತ್ರಗಳಿಗೆ ಉತ್ತರ ಬರೆಯುವ ಡಾಕ್ಟರ್ ನಾನು. 2020ರ ಕೊರೊನಾ ಲಾಕ್‌ಡೌನ್‌ನಲ್ಲಿ ತಂದೆ-ತಾಯಿಯರ ಒಂದೇ ಪ್ರಶ್ನೆಗೆ ಮೂರು ಸಲ ಉತ್ತರ ಬರೆದಿದ್ದೆ. ಈ 2021ರ ಮೇ ತಿಂಗಳಲ್ಲಿ, ಮತ್ತೆ ಲಾಕ್‌ಡೌನ್ ಬಂದಾಗ, ಅದೇ ಪ್ರಶ್ನೆ ರಾಶಿ ಬಿದ್ದಿದೆ. ಕಾಲೇಜು ಓದುವ ಮಗ ಅಥವಾ ಮಗಳು ರಾತ್ರಿಯಿಡೀ ಮೊಬೈಲ್ ಹಿಡಿದು ಕೂಡುತ್ತಾರೆ, ಬಿಸಿಲು ನೆತ್ತಿಗೆ ಬಂದರೂ ಏಳಲ್ಲ, ಮಾತಾಡಿಸಿದರೆ ಹರಿಹಾಯುತ್ತಾರೆ, ಏನಾದರೂ ಗುಳಿಗೆ ಇದ್ದರೆ ಹೇಳಿ. ಇಂಡಿ ಪಟ್ಟಣದಿಂದ ಬಂದ ಪತ್ರದಲ್ಲೂ ಇದೇ, ಜಮಖಂಡಿಯದ್ದರಲ್ಲೂ ಇದೇ, ಇಲ್ಲೇ ವಿಜಯಪುರದ ಸ್ಟೇಷನ್ ರೋಡ್‌ನಿಂದ ಬಂದದ್ದರಲ್ಲೂ ಇದೇ. ಓದಿ ಓದಿ ನನಗೆ ಸಿಟ್ಟು ಬಂದಿದೆ. ಯಾಕಂದ್ರೆ ಆ ಹುಡುಗ ಹಗಲು ಹೊತ್ತು ಎಲ್ಲಿ ಕೂಡುತ್ತಾನೆ ಅಂತ ಒಬ್ಬರೂ ಬರೆದಿಲ್ಲ. ಅದಕ್ಕೇ ಈ ಸಲ ಒಂದು ಪತ್ರಕ್ಕೆ ಪೂರ್ತಿ ಬರೆಯುತ್ತೇನೆ, ಉಳಿದವಕ್ಕೆ ಎರಡೆರಡು ಮಾತು. ಮಾಸ್ಕ್, ಕೈ ತೊಳೆಯೋದು, ದೂರ ನಿಲ್ಲೋದು ಎಲ್ಲ ಮತ್ತೆ ಹೇಳಲ್ಲ, ವರ್ಷದಿಂದ ಕೇಳ್ತಾ ಇದ್ದೀರಿ.

ಪ್ರಶ್ನೆ: ಮಗ ಬೆಳಗಾವಿಯಲ್ಲಿ ಎಂಜಿನಿಯರಿಂಗ್ ಆರನೇ ಸೆಮಿಸ್ಟರ್. ಏಪ್ರಿಲ್ ಕೊನೆಗೆ ಹಾಸ್ಟೆಲ್ ಬಿಟ್ಟು ಮನೆಗೆ ಬಂದ. ರಾತ್ರಿ ಎರಡು-ಮೂರರವರೆಗೆ ಮೊಬೈಲ್, ಲ್ಯಾಪ್‌ಟಾಪ್. ಬೆಳಿಗ್ಗೆ ಹನ್ನೊಂದಾದರೂ ಹಾಸಿಗೆ ಬಿಡಲ್ಲ. ಕ್ಲಾಸನ್ನೂ ಮಲಗಿಕೊಂಡೇ ಕೇಳುತ್ತಾನೆ. ನಾನು ಬಟ್ಟೆ ಅಂಗಡಿ ಇಟ್ಟವನು, ಇಪ್ಪತ್ತು ವರ್ಷದಿಂದ ಐದಕ್ಕೆ ಏಳುತ್ತೇನೆ. ಹೇಳಿ ಹೇಳಿ ಸಾಕಾಗಿ ಮೊನ್ನೆ ಕೈ ಎತ್ತಿದೆ. ಇದು ಮೊಬೈಲ್ ಚಟವಾ? ಮಾನಸಿಕ ರೋಗವಾ? — ವಿಜಯಪುರದ ತಂದೆ

ಅಣ್ಣಾರೆ, ಮೊದಲು ಆ ಕೈ ಎತ್ತಿದ ವಿಷಯ. ಇಪ್ಪತ್ತು ವರ್ಷದ ಮಗನ ಮೇಲೆ ಕೈ ಎತ್ತಬೇಡಿ. ಅವನನ್ನು ಕರೆದು "ನಾನು ಹಾಗೆ ಮಾಡಬಾರದಿತ್ತು" ಅಂತ ಹೇಳಿ. ಇದನ್ನು ಮಾಡದೆ ಮುಂದೆ ನಾನು ಬರೆದದ್ದು ಏನು ಮಾಡಿದರೂ ಹತ್ತಲ್ಲ.

ನೀವು ನಂಬರ್ ಕೊಟ್ಟಿದ್ದರಿಂದ ಫೋನ್ ಮಾಡಿ ಕೇಳಿದೆ, ಮನೆಯಲ್ಲಿ ಎಷ್ಟು ಕೋಣೆ ಅಂತ. ಪಡಸಾಲೆ, ಒಳಕೋಣೆ, ಅಡುಗೆಮನೆ. ಮನೆಯಲ್ಲಿ ಐದು ಜನ. ಪಡಸಾಲೆಯಲ್ಲಿ ಬೆಳಿಗ್ಗೆ ಏಳಕ್ಕೆ ಟಿವಿ ಹತ್ತಿದರೆ ಇಡೀ ದಿನ ಸುದ್ದಿ, ಎಷ್ಟು ಕೇಸು, ಎಷ್ಟು ಸಾವು. ಒಳಕೋಣೆಯಲ್ಲಿ ಪಿಯುಸಿ ಓದುವ ಮಗಳು, ಮಂಚದ ಮೇಲೆ ನಿಮ್ಮ ತಾಯಿ. ಹಾಗಾದರೆ ಹುಡುಗ ಎಲ್ಲಿ ಕೂಡುತ್ತಾನೆ ಅಂದೆ. ಸ್ವಲ್ಪ ಹೊತ್ತು ಸುಮ್ಮನಾಗಿ "ಅಡುಗೆಮನೆ ಬಾಗಿಲ ಹತ್ರ ರೀ, ಅಲ್ಲೊಂದು ಪ್ಲಗ್ ಐತಿ" ಅಂದಿರಿ. ಗ್ಯಾಸ್ ಸಿಲಿಂಡರ್ ಪಕ್ಕ, ಗೋಡೆಗೆ ಬೆನ್ನು ಹಚ್ಚಿ, ತೊಡೆ ಮೇಲೆ ಲ್ಯಾಪ್‌ಟಾಪ್. ಮೇಷ್ಟ್ರು ಪ್ರಶ್ನೆ ಕೇಳಿದಾಗ ಅವನು ಮೈಕ್ ಆನ್ ಮಾಡಬೇಕು. ಆಗಲೇ ಕುಕ್ಕರ್ ಸೀಟಿ ಹೊಡೆಯುತ್ತೆ. ಅರವತ್ತು ಜನ ಕೇಳಿಸಿಕೊಳ್ಳುತ್ತಾರೆ. ಎರಡು ದಿನ ಹೀಗಾದ ಮೇಲೆ ಅವನು ಮೈಕ್ ಆನ್ ಮಾಡೋದನ್ನೇ ಬಿಟ್ಟ. ಮೂರನೇ ದಿನದಿಂದ ಹಾಸಿಗೆಯಿಂದಲೇ ಕ್ಲಾಸು. ಇದನ್ನು ನನಗೆ ಹೇಳಿದ್ದು ನಿಮ್ಮ ಮನೆಯವರು. ಅವರಿಗೆ ಇದೆಲ್ಲ ಮೊದಲೇ ಗೊತ್ತಿತ್ತು, ಕೇಳಿದವರು ಯಾರೂ ಇರಲಿಲ್ಲ.

ಈಗ ರಾತ್ರಿ ಹನ್ನೊಂದರ ಮೇಲೆ ನೋಡಿ. ಟಿವಿ ಬಂದ್. ಎಲ್ಲರೂ ಮಲಗಿದ್ದಾರೆ. ಪಡಸಾಲೆ ಖಾಲಿ, ಫ್ಯಾನ್ ಅವನೊಬ್ಬನಿಗೇ, ನೆಟ್‌ವರ್ಕ್ ಕೂಡ ಹಗಲಿಗಿಂತ ಚೆನ್ನಾಗಿ ಸಿಗುತ್ತೆ. ಗೆಳೆಯರೂ ಅದೇ ಹೊತ್ತಿಗೆ ಆನ್‌ಲೈನ್ ಬರುತ್ತಾರೆ, ಅವರ ಮನೆಯ ಕಥೆಯೂ ಇದೇ. ಆ ಮೂರು ತಾಸು ನಿಮ್ಮ ಮಗನಿಗೆ ಉಳಿದಿರುವ ಹಾಸ್ಟೆಲ್ ರೂಮು. ನೀವು ಅದನ್ನು ಚಟ ಅನ್ನುತ್ತೀರಿ. ಮೂರು ವರ್ಷ ತನ್ನ ಹೊತ್ತಿಗೆ ಎದ್ದು, ತನ್ನ ಬಟ್ಟೆ ತಾನೇ ಒಗೆದು, ತನ್ನ ದುಡ್ಡು ತಾನೇ ಲೆಕ್ಕ ಹಾಕಿ ಬದುಕಿದ ಹುಡುಗ ಅವನು. ಈಗ ಮನೆಯಲ್ಲಿ ಎಲ್ಲರೂ ಅವನನ್ನು ಹತ್ತನೇ ಕ್ಲಾಸಿನವನ ಹಾಗೆ ಎಬ್ಬಿಸುತ್ತಾರೆ, ಉಣ್ಣಿಸುತ್ತಾರೆ, ಬೈಯುತ್ತಾರೆ. ರಾತ್ರಿ ಮಾತ್ರ ಯಾರೂ ಇಲ್ಲ.

ಇದರ ಜೊತೆ ದೇಹದ ಮಾತೂ ಇದೆ. ಹದಿಹರೆಯದಿಂದ ಸುಮಾರು ಇಪ್ಪತ್ತು ವರ್ಷದವರೆಗೆ ನಿದ್ದೆಯ ಗಡಿಯಾರ ತಾನಾಗೇ ಹಿಂದೆ ಸರಿಯುತ್ತೆ. ನಿದ್ದೆ ತರಿಸುವ ಮೆಲಟೋನಿನ್ ಅವರಲ್ಲಿ ನಮಗಿಂತ ತಡವಾಗಿ ಏರುತ್ತೆ. ಐವತ್ತು ದಾಟಿದ ನಿಮಗೆ ಹತ್ತಕ್ಕೇ ಕಣ್ಣು ಎಳೆಯುತ್ತೆ, ಅವನಿಗೆ ಎಳೆಯಲ್ಲ. ಇದು ಸೋಮಾರಿತನ ಅಲ್ಲ. ಹಾಗಂತ ಮೂರು ಗಂಟೆವರೆಗೆ ಕೂಡೋದು ಸರಿ ಅಂತಲೂ ಅಲ್ಲ. ಕತ್ತಲಲ್ಲಿ ಕಣ್ಣಿನ ಮುಂದೆ ಬೆಳಕು ಹಿಡಿದು ಕೂತರೆ, ಬೆಳಿಗ್ಗೆ ಬಿಸಿಲನ್ನೇ ನೋಡದಿದ್ದರೆ ಆ ಗಡಿಯಾರ ಇನ್ನೂ ಹಿಂದೆ ಹೋಗುತ್ತೆ. ಈ ವಯಸ್ಸಿಗೆ ಏಳರಿಂದ ಒಂಬತ್ತು ತಾಸು ನಿದ್ದೆ ಬೇಕು. ಮೂರಕ್ಕೆ ಮಲಗಿ ಹನ್ನೊಂದಕ್ಕೆ ಎದ್ದರೆ ಎಂಟು ತಾಸು ಆಯ್ತು ಅಲ್ವಾ? ಅವನು ಜಾಸ್ತಿ ಮಲಗುತ್ತಿಲ್ಲ, ತಪ್ಪು ಹೊತ್ತಿಗೆ ಮಲಗುತ್ತಿದ್ದಾನೆ, ಅಷ್ಟೇ.

ಚಟದ ಬಗ್ಗೆ ಕೇಳಿದಿರಿ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಒಪ್ಪಿದ ಹೊಸ ರೋಗಪಟ್ಟಿಯಲ್ಲಿ ಗೇಮಿಂಗ್ ಕಾಯಿಲೆ ಅಂತ ಒಂದಿದೆ. ಆಟದ ಮೇಲೆ ಹಿಡಿತವೇ ತಪ್ಪಿ, ಊಟ, ಓದು, ಸಂಬಂಧ ಎಲ್ಲ ಕೆಟ್ಟರೂ ಬಿಡಲಾಗದೆ, ಸಾಮಾನ್ಯವಾಗಿ 12 ತಿಂಗಳು ಹೀಗೇ ನಡೆದರೆ ಆ ಹೆಸರು. "ಮೊಬೈಲ್ ಚಟ" ಅನ್ನೋ ರೋಗ ಆ ಪಟ್ಟಿಯಲ್ಲಿ ಇಲ್ಲ. ನಾಲ್ಕು ವಾರದ ಹಿಂದೆ ಹಾಸ್ಟೆಲ್‌ನಿಂದ ಬಂದ ಹುಡುಗನಿಗೆ ಆ ಹಣೆಪಟ್ಟಿ ಹಚ್ಚಬೇಡಿ. ಮೊಬೈಲ್ ಕಸಿಯಲೂಬೇಡಿ. ಅವನ ಕ್ಲಾಸು, ಪರೀಕ್ಷೆ, ಗೆಳೆಯರು ಎಲ್ಲ ಅದರಲ್ಲೇ ಇದ್ದಾರೆ.

ಮಾಡಬೇಕಾದದ್ದು ಇದು. ಒಳಕೋಣೆ ಬೆಳಿಗ್ಗೆ ಹತ್ತರಿಂದ ಒಂದರವರೆಗೆ ಅವನಿಗೆ, ಮಧ್ಯಾಹ್ನದ ಮೇಲೆ ಮಗಳಿಗೆ. ಬಾಗಿಲು ಹಾಕಿಕೊಳ್ಳಲಿ, ಐದು ನಿಮಿಷಕ್ಕೊಮ್ಮೆ ತೆರೆದು ನೋಡಬೇಡಿ. ಆ ಹೊತ್ತಿಗೆ ಅಜ್ಜಿ ಪಡಸಾಲೆಗೆ ಬರಲಿ, ಟಿವಿ ಬಂದ್ ಇರಲಿ. ಟಿವಿ ಬಂದ್ ಮಾಡಿದರೆ ಅಜ್ಜಿಗೂ ಒಳ್ಳೇದು, ಎಂಬತ್ತರ ವಯಸ್ಸಿನವರು ಇಡೀ ದಿನ ಹೆಣ ಸುಡೋದನ್ನು ನೋಡಬೇಕಾ?

ಎರಡನೇದು, ಮಲಗುವ ಹೊತ್ತಿನ ಜಗಳ ಬಿಟ್ಟುಬಿಡಿ. ಏಳುವ ಹೊತ್ತನ್ನು ಮಾತ್ರ ಹಿಡಿಯಿರಿ. ಹನ್ನೊಂದರಿಂದ ಒಮ್ಮೆಲೇ ಐದಕ್ಕೆ ಎಳೆಯಬೇಡಿ. ಮೂರು ದಿನ ಹತ್ತೂವರೆ, ಆಮೇಲೆ ಮೂರು ದಿನ ಹತ್ತು, ಹೀಗೆ ಅರ್ಧರ್ಧ ತಾಸು. ಎರಡು ವಾರದಲ್ಲಿ ಒಂಬತ್ತರ ಹತ್ತಿರ ಬರುತ್ತೆ. ಅಲ್ಲಿಗೆ ಬಂದ ಮೇಲೆ ಸಂತೆ ಕೆಲಸ ಅವನಿಗೆ ಒಪ್ಪಿಸಿ. ಈ ಲಾಕ್‌ಡೌನ್‌ನಲ್ಲಿ ದಿನಸಿ, ತರಕಾರಿ ಅಂಗಡಿ ತೆರೆದಿರೋದು ಬೆಳಿಗ್ಗೆ ಆರರಿಂದ ಹತ್ತು. ಹಾಲು, ತರಕಾರಿ, ಅಜ್ಜಿಯ ಬಿಪಿ ಗುಳಿಗೆ, ಎಲ್ಲ ಅವನೇ ತರಲಿ. ನಿಮಗೆ ಸಕ್ಕರೆ ಕಾಯಿಲೆ ಇದೆ ಅಂದಿರಿ, ಕೊರೊನಾ ಇರುವಾಗ ನೀವು ಬಜಾರಕ್ಕೆ ಹೋಗಲೇಬಾರದು. ಹುಡುಗರು ಇಂಥ ಕೆಲಸಕ್ಕೆ ಏಳುತ್ತಾರೆ. ಸುಮ್ನೆ "ಏಳು ಏಳು" ಅಂದರೆ ಏಳಲ್ಲ, ಎದ್ದು ಮಾಡೋದಾದರೂ ಏನು ಅನ್ನಿಸುತ್ತೆ. ಬೆಳಗಿನ ಬಿಸಿಲು ಕಣ್ಣಿಗೆ ಬಿದ್ದರೆ ಗಡಿಯಾರವೂ ಮುಂದೆ ಬರುತ್ತೆ. ಸಂಜೆ ಐದರ ಮೇಲೆ ಚಹಾ ಬೇಡ. ರಾತ್ರಿ ಎಲ್ಲರೂ ಮಾಳಿಗೆ ಮೇಲೆ ಹಾಸಿಕೊಳ್ಳಿ, ನಮ್ಮೂರಲ್ಲಿ ಬೇಸಿಗೆಗೆ ಮಲಗೋದೇ ಅಲ್ಲಿ ಅಲ್ವಾ. ಫೋನುಗಳು ಕೆಳಗೆ ಚಾರ್ಜಿಗೆ. ನಿಮ್ಮ ಫೋನೂ ಸೇರಿ.

ಇನ್ನೊಂದು ಮಾತು. ನಿಮ್ಮ ಪತ್ರದ ಕೊನೆಗೆ ಒಂದು ಸಾಲು ಇತ್ತು: "ಈ ವರ್ಷ ರಂಜಾನ್, ಬಸವ ಜಯಂತಿ, ಅಕ್ಷಯ ತೃತೀಯ ಮೂರೂ ಮೇ 14ಕ್ಕೇ ಬಂದಿದ್ದವು, ಅಂಗಡಿ ಬಂದ್." ಹೋದ ವರ್ಷದ ಮದುವೆ ಸೀಸನ್ನೂ ಲಾಕ್‌ಡೌನ್‌ನಲ್ಲಿ ಹೋಯಿತು, ಈ ವರ್ಷದ್ದೂ ಹೋಯಿತು. ತಂದ ಮಾಲು ಗಂಟು ಬಿಚ್ಚದೆ ಬಿದ್ದಿದೆ. ಬೆಳಿಗ್ಗೆ ಐದಕ್ಕೆ ಎದ್ದು ಸ್ನಾನ ಮಾಡಿ, ಹೋಗಲು ಅಂಗಡಿ ಇಲ್ಲದೆ, ಮಲಗಿರುವ ಮಗನನ್ನು ನೋಡುತ್ತಾ ಕೂಡುತ್ತೀರಿ. ಆ ಸಿಟ್ಟಿನಲ್ಲಿ ಮಗನ ಪಾಲು ಎಷ್ಟು, ಅಂಗಡಿಯ ಪಾಲು ಎಷ್ಟು, ನೀವೇ ಯೋಚನೆ ಮಾಡಿ. ಅವನನ್ನು ಕೂಡಿಸಿಕೊಂಡು ಖಾತೆ ಪುಸ್ತಕ ತೋರಿಸಿ. ಎಷ್ಟು ಸಾಲ, ಎಷ್ಟು ಮಾಲು, ಯಾರಿಂದ ಎಷ್ಟು ಬರಬೇಕು, ಫೀಸಿಗೆ ಏನು ಮಾಡೋದು. ಮಕ್ಕಳಿಗೆ ಹೇಳಬಾರದು ಅಂತ ಅಪ್ಪಂದಿರು ಮುಚ್ಚಿಡುತ್ತಾರೆ. ಆ ಮಕ್ಕಳೇ ನನ್ನ ಮುಂದೆ ಕೂತು "ಅಪ್ಪ ಫೋನಿನಲ್ಲಿ ಸಾಲಗಾರರ ಜೊತೆ ಮಾತಾಡೋದು ಕೇಳಿಸ್ತದ ಮೇಡಂ, ನಾನು ಕಾಲೇಜು ಬಿಡಬೇಕೇನೋ" ಅಂತ ಅಳುತ್ತಾರೆ. ಅರ್ಧ ಕೇಳಿಸಿಕೊಂಡದ್ದು ಪೂರ್ತಿ ಗೊತ್ತಿರೋದಕ್ಕಿಂತ ಜಾಸ್ತಿ ಹೆದರಿಸುತ್ತೆ.

ಯಾವಾಗ ಡಾಕ್ಟರ ಹತ್ತಿರ ಬರಬೇಕು ಅನ್ನೋದನ್ನು ಸರಿಯಾಗಿ ಓದಿ, ಇದು ಎಲ್ಲ ತಂದೆ-ತಾಯಿಗೂ. ಎರಡು ವಾರ ದಿನದ ಬಹುಪಾಲು ಮುಖ ಬಾಡಿದ್ದರೆ, ಇಷ್ಟದ ಗೆಳೆಯರ ಫೋನನ್ನೂ ಎತ್ತದಿದ್ದರೆ, ಊಟ ಬಿಟ್ಟು ಸೊರಗುತ್ತಿದ್ದರೆ, ಸ್ನಾನ ಬಿಟ್ಟಿದ್ದರೆ, ರಾತ್ರಿ-ಹಗಲು ಎರಡೂ ನಿದ್ದೆ ಇಲ್ಲದಿದ್ದರೆ, ಯಾರೋ ತನ್ನ ಬಗ್ಗೆ ಮಾತಾಡುತ್ತಿದ್ದಾರೆ ಅಂತ ಹೆದರುತ್ತಿದ್ದರೆ ಕಾಯಬೇಡಿ. "ನಾನು ಇರದಿದ್ದರೆ ಚೆಂದ" ಅನ್ನೋ ಮಾತು ಒಂದೇ ಒಂದು ಸಲ ಬಂದರೂ ಅದೇ ದಿನ ಬನ್ನಿ. ಈ ವಿಷಯದಲ್ಲಿ ನಾನು ಬೇರೆ ಡಾಕ್ಟರಿಗಿಂತ ಜಾಸ್ತಿ ಹೆದರುತ್ತೇನೆ, "ಸುಮ್ನೆ ಅಂದಿರಬೇಕು" ಅಂತ ಮನೆಯವರು ಬಿಟ್ಟದ್ದರ ಫಲ ನೋಡಿದ್ದೇನೆ. "ಸಾಯಬೇಕು ಅನ್ನಿಸ್ತದಾ?" ಅಂತ ನೇರವಾಗಿ ಕೇಳಿ. ಕೇಳಿದರೆ ಆ ಯೋಚನೆ ಹುಟ್ಟುತ್ತೆ ಅನ್ನೋದು ಸುಳ್ಳು. ಹೊಲ, ದ್ರಾಕ್ಷಿ ತೋಟ ಇರುವ ಮನೆಯವರು ಬೆಳೆಗೆ ಹೊಡೆಯುವ ಎಣ್ಣೆ (ಕೀಟನಾಶಕ) ಡಬ್ಬಿಗಳನ್ನು ಇವತ್ತೇ ಮನೆಯಿಂದ ಹೊರಗೆ ಹಾಕಿ ಬೀಗ ಹಾಕಿ, ಮಕ್ಕಳು ಆರಾಮಾಗಿದ್ದರೂ ಸರಿ. ಬರಲು ಬಸ್ ಇಲ್ಲ ಅಂದರೆ ಮಾನಸಿಕ ಆರೋಗ್ಯದ ಸರ್ಕಾರಿ ಸಹಾಯವಾಣಿ ಟೆಲಿ-ಮಾನಸ್ 14416ಕ್ಕೆ ಫೋನ್ ಮಾಡಿ. ಮಗನನ್ನು "ರಕ್ತ ಪರೀಕ್ಷೆ" ಅಂತ ಸುಳ್ಳು ಹೇಳಿ ಕರೆತರಬೇಡಿ. ಒಂದು ಸಲ ಮೋಸ ಹೋದವನು ಎರಡನೇ ಸಲ ಬರಲ್ಲ.

ಪ್ರಶ್ನೆ: ವಾಟ್ಸಾಪಿನಲ್ಲಿ ಮೊಬೈಲ್ ಚಟ ಬಿಡಿಸುವ ಪುಡಿ ಬಂದಿದೆ, ಊಟದಲ್ಲಿ ಗೊತ್ತಾಗದ ಹಾಗೆ ಕಲಸಿ ಕೊಡಬೇಕಂತೆ. ಕೊಡಲಾ? — ಬಾಗಲಕೋಟೆಯ ತಾಯಿ

ಬೇಡವೇ ಬೇಡ. ಇಂಥದ್ದೇ ಪುಡಿ ತಿಂದ ಹತ್ತೊಂಬತ್ತರ ಹುಡುಗನನ್ನು ಹೋದ ತಿಂಗಳು ಕರೆತಂದಿದ್ದರು. ಕರೆದರೆ ಕಣ್ಣು ಬಿಡುತ್ತಿದ್ದ, ಮತ್ತೆ ಜೋಲಿ ಹೊಡೆಯುತ್ತಿದ್ದ. ಪೊಟ್ಟಣದ ಮೇಲೆ ಏನು ಹಾಕಿದ್ದಾರೆ ಅಂತ ಒಂದಕ್ಷರ ಇರಲಿಲ್ಲ. ಅವನಿಗೆ ಎಚ್ಚರ ಬಂದ ಮೇಲೆ ವಿಷಯ ತಿಳಿದು ಅವ್ವ ಬಡಿಸಿದ ಅನ್ನ ಮುಟ್ಟಲಿಲ್ಲ, ಎಂಟು ದಿನ ತಾನೇ ಮ್ಯಾಗಿ ಮಾಡಿಕೊಂಡು ತಿಂದ. ಮಗ ಉಣ್ಣುವ ತಾಟಿನಲ್ಲಿ ಕದ್ದು ಏನನ್ನೂ ಹಾಕಬೇಡಿ ಅಕ್ಕಾ.

ಪ್ರಶ್ನೆ: ಮಗಳಿಗೆ ನಿದ್ದೆ ಬರಲ್ಲ ಅಂತ ನನ್ನ ನಿದ್ದೆ ಗುಳಿಗೆ ಅರ್ಧ ಕೊಡುತ್ತಿದ್ದೇನೆ.

ಇವತ್ತೇ ಯಾವ ಗುಳಿಗೆ, ಎಷ್ಟು ದಿನದಿಂದ ಅಂತ ಡಾಕ್ಟರಿಗೆ ಹೇಳಿ. ಅಲ್ಪ್ರಾಜೋಲಾಮ್‌ನಂಥ ಗುಳಿಗೆ ದಿನಾ ತಗೊಂಡರೆ ಅದೇ ಚಟ ಆಗುತ್ತೆ. ಬಹಳ ದಿನ ತಗೊಂಡಿದ್ದರೆ ಒಮ್ಮೆಲೇ ನಿಲ್ಲಿಸೋದೂ ಅಪಾಯ. ಚೀಟಿ ನೋಡದೆ ಕೊಡುವ ಮೆಡಿಕಲ್ ಅಂಗಡಿಯವರಿಗೂ ಹೇಳುತ್ತೇನೆ, ನೀವು ಮಾಡುತ್ತಿರುವುದು ಕಾನೂನಿಗೆ ವಿರುದ್ಧ.

ಪ್ರಶ್ನೆ: ಮಗಳು ಬಿಎಸ್ಸಿ ಎರಡನೇ ವರ್ಷ. ಕಾಲೇಜೂ ಬಂದ್ ಇದೆ, ಈಗ ಮದುವೆ ಮಾಡಿದರೆ ಜನ ಕಡಿಮೆ, ಖರ್ಚೂ ಕಡಿಮೆ. ಅವಳು ಮಾತು ಬಿಟ್ಟು ಕೂತಿದ್ದಾಳೆ. ಬುದ್ಧಿ ಹೇಳಿ. — ಸಿಂದಗಿ ತಾಲೂಕಿನ ತಂದೆ

ಬುದ್ಧಿ ನಿಮಗೇ ಹೇಳುತ್ತೇನೆ. ಅವಳಿಗೆ ಕಾಯಿಲೆ ಇಲ್ಲ. ಬೇಡ ಅನ್ನೋದನ್ನು ಹೇಳಲು ಅವಳಿಗೆ ಉಳಿದ ದಾರಿ ಅದೊಂದೇ. ಉಳಿಸಿದ ಊಟದ ಖರ್ಚು ಒಂದು ಕಡೆ, ಅವಳ ಡಿಗ್ರಿ ಇನ್ನೊಂದು ಕಡೆ ಇಟ್ಟು ನೋಡಿ. ಕಾಲೇಜು ಇವತ್ತು ಬಂದ್ ಇದೆ, ನಾಳೆ ತೆರೆಯುತ್ತೆ. ಮದುವೆಯಾಗಿ ಹೋದವಳನ್ನು ಅತ್ತೆ ಮನೆಯವರು ಮೂರನೇ ವರ್ಷಕ್ಕೆ ಕಳಿಸುತ್ತಾರೆ ಅಂತ ಬಾಯಿಮಾತಿನಲ್ಲಿ ಹೇಳಿದ್ದನ್ನು ನಂಬಬೇಡಿ. ಹಾಗೆ ನಂಬಿ ಮದುವೆ ಮಾಡಿಕೊಟ್ಟು, ಈಗ ಮಗಳ ಜೊತೆ ನನ್ನ ಕೋಣೆಯಲ್ಲಿ ಕೂಡುವ ತಂದೆಯರು ಇದ್ದಾರೆ. ಮಾತು ಮುರಿದುಕೊಳ್ಳೋದು ಕಷ್ಟ ಅಂದರೆ ಎರಡು ವರ್ಷ ಮುಂದೂಡಿ. ಗಂಡಿನ ಕಡೆಯವರು ಕಾಯಲ್ಲ ಅಂದರೆ ಆ ಸಂಬಂಧ ಬಿಡಿ.

ಪ್ರಶ್ನೆ: ಆನ್‌ಲೈನ್‌ನಲ್ಲಿ ಓದಿದ ಡಿಗ್ರಿಗೆ ಬೆಲೆ ಇರಲ್ಲ ಅಂತೆ?

ಮಗನ ಮುಂದೆ ಈ ಮಾತು ಆಡಬೇಡಿ. ಅವನೂ ದಿನಾ ಅದನ್ನೇ ಹೆದರಿಕೊಂಡು ಕೂತಿದ್ದಾನೆ.

ಪ್ರಶ್ನೆ: ಮೂಗಿಗೆ ನಿಂಬೆರಸ ಬಿಟ್ಟರೆ ಆಕ್ಸಿಜನ್ ಏರುತ್ತಾ? ಕರ್ಪೂರ, ಅಜವಾನದ ಗಂಟು ಮೂಸಿದರೆ?

ಏರಲ್ಲ. ರಕ್ತದ ಆಕ್ಸಿಜನ್ ಶೇಕಡಾ 94ರ ಕೆಳಗೆ ಬಂದರೆ ಆಸ್ಪತ್ರೆಗೆ ಹೋಗಿ. ಇವನ್ನೆಲ್ಲ ಮಾಡುತ್ತಾ ಮನೆಯಲ್ಲಿ ಹೊತ್ತು ಕಳೆಯಬೇಡಿ.

ಪ್ರಶ್ನೆ: ಕೊರೊನಾ ಲಸಿಕೆ ಹಾಕಿಸಿದರೆ ಮುಂದೆ ಮಕ್ಕಳಾಗಲ್ಲ ಅಂತಾರೆ, ಮಗನಿಗೆ ಹಾಕಿಸಬೇಕಾ ಬೇಡವಾ?

ಹಾಗೆ ಹೇಳಿದವರು ಸುಳ್ಳು ಹೇಳಿದ್ದಾರೆ. ಅವನ ಸರದಿ ಬಂದ ದಿನ ಹಾಕಿಸಿ. 45 ದಾಟಿದವರಿಗೆ 2021ರ ಏಪ್ರಿಲ್ 1ರಿಂದಲೇ ಕೊಡುತ್ತಿದ್ದಾರೆ, ನೀವು ಇನ್ನೂ ಹಾಕಿಸಿಕೊಂಡಿಲ್ಲ ಅಂತ ಪತ್ರದಲ್ಲಿ ಬರೆದಿದ್ದೀರಿ. ಮಗನೇ ಫೋನಿನಲ್ಲಿ ಹೆಸರು ಬರೆಸಿಕೊಡುತ್ತಾನೆ, ಇವತ್ತೇ ಕೇಳಿ.