ಎದುರಿಗಿದ್ದವರಿಗೆ ನಮ್ಮ ಕಣ್ಣು ಕಾಣಬೇಕು

ಕಣ್ಣು ಪೂರ್ತಿ ಮುಚ್ಚಿ, ಎದುರಿನ ದೃಶ್ಯದ ಜೊತೆ ಕಂಪ್ಯೂಟರಿನ ಚಿತ್ರಗಳನ್ನೂ ಬೆರೆಸಿ ತೋರಿಸುವ ಮಿಕ್ಸೆಡ್ ರಿಯಾಲಿಟಿ ಹೆಡ್‌ಸೆಟ್ ಹಾಕಿಕೊಂಡು ನಾಲ್ಕು ಜನರ ಮಧ್ಯೆ ಓಡಾಡುವುದು ಮುಂದೆ ಮಾಮೂಲಿ ಆಗುತ್ತದೆಯೇ ಎಂದು ಕೇಳಿದ್ದೀರಿ. ಈಗಿನ ರೂಪದಲ್ಲಂತೂ ಆಗುವುದಿಲ್ಲ ಅನ್ನುತ್ತೇನೆ. ತೂಕ ಇಳಿಯಬಹುದು, ಬೆಲೆಯೂ ಇಳಿಯಬಹುದು. ತೊಡಕು ಇರುವುದು ಬೇರೆ ಕಡೆ.

ನಾನು ಕೆಲಸಕ್ಕಾಗಿ ಮೆಟಾ ಕ್ವೆಸ್ಟ್ 3 ಎಂಬ ಇಂಥದ್ದೇ ಹೆಡ್‌ಸೆಟ್ ಬಳಸುತ್ತೇನೆ. ಒಂದು ಸಂಜೆ ಅದನ್ನು ಹಾಕಿಕೊಂಡು ಕೂತಿದ್ದಾಗ ಅಮ್ಮ ಕಾಫಿ ತಂದರು. ಹೊರಗಿನ ಕ್ಯಾಮೆರಾಗಳು ಕೋಣೆಯನ್ನೆಲ್ಲ ಬಣ್ಣದಲ್ಲೇ ತೋರಿಸುವುದರಿಂದ ನನಗೆ ಅಮ್ಮ, ಸ್ಟೀಲ್ ಲೋಟ, ಬಿಸಿ ತಾಗದಿರಲೆಂದು ಲೋಟಕ್ಕೆ ಸುತ್ತಿದ ಸೆರಗು ಎಲ್ಲವೂ ಕಾಣುತ್ತಿತ್ತು. "ಕೊಡಮ್ಮ" ಎಂದು ಕೈ ಚಾಚಿದೆ. ಕೊಡಲಿಲ್ಲ. "ನಾನು ಕಾಣ್ತಿದೀನೇನೋ ನಿಂಗೆ?" ಅಂದರು. ಕಾಣ್ತೀಯ ಅಂದರೂ ನಂಬಿಕೆ ಬರದೆ ಲೋಟವನ್ನು ಮೇಜಿನ ಮೇಲಿಟ್ಟು ಹೋದರು. ನನಗೆ ಅವರು ಪೂರ್ತಿ ಕಾಣುತ್ತಿದ್ದರು, ಅವರಿಗೆ ನನ್ನ ಕಣ್ಣು ಕಾಣುತ್ತಿರಲಿಲ್ಲ. ಮುಖ ಕೊಟ್ಟು ಮಾತಾಡಲಿಲ್ಲ ಎಂದು ನಮ್ಮಲ್ಲಿ ನೊಂದುಕೊಳ್ಳುತ್ತಾರಲ್ಲ, ಅದೇ ನೋವು. ಅಂದಿನಿಂದ ಯಾರೇ ಕೋಣೆಗೆ ಬಂದರೂ ಮೊದಲು ತೆಗೆದಿಡುತ್ತೇನೆ.

ಈ ತೊಡಕು ಆಪಲ್‌ಗೂ ಗೊತ್ತಿತ್ತು. 2024ರ ಫೆಬ್ರುವರಿಯಲ್ಲಿ ಅಮೆರಿಕದಲ್ಲಿ 3,499 ಡಾಲರಿಗೆ ಮಾರಾಟಕ್ಕೆ ಬಂದ ಅದರ ವಿಷನ್ ಪ್ರೊ ಹೆಡ್‌ಸೆಟ್‌ನಲ್ಲಿ ಹೊರಮುಖಕ್ಕೂ ಒಂದು ಪರದೆ ಇದೆ. ಹಾಕಿಕೊಂಡವರ ಕಣ್ಣಿನ ಚಿತ್ರ ಅದರ ಮೇಲೆ ಮೂಡುತ್ತದೆ. ಆದರೆ ಅದು ಕಂಪ್ಯೂಟರ್ ಕಟ್ಟಿಕೊಟ್ಟ ಮಸುಕು ಕಣ್ಣು.

ಇಯರ್‌ಫೋನನ್ನು ಜನ ಒಪ್ಪಿಕೊಳ್ಳಲಿಲ್ಲವೇ ಎಂದು ನೀವು ಕೇಳಬಹುದು. ಒಪ್ಪಿಕೊಂಡರು, ನಿಜ. ಜೊತೆಗೊಯ್ದು ಹಾಡು ಕೇಳುವ ಕ್ಯಾಸೆಟ್ ಪ್ಲೇಯರ್ ಆದ 1979ರ ಮೊದಲ ವಾಕ್‌ಮನ್‌ನಲ್ಲಿ ಸೋನಿ ಇಬ್ಬರು ಕೇಳಲೆಂದು ಎರಡು ಹೆಡ್‌ಫೋನ್ ಕಿಂಡಿ ಇಟ್ಟಿತ್ತು, ಹಾಡು ತಗ್ಗಿಸಿ ಪಕ್ಕದವರ ಮಾತು ಕೇಳಿಸಿಕೊಳ್ಳಲು ಒಂದು ಗುಂಡಿಯನ್ನೂ ಕೊಟ್ಟಿತ್ತು. ಕಾಲಕ್ರಮೇಣ ಅದ್ಯಾವುದೂ ಬೇಕಾಗಲಿಲ್ಲ. ಕಿವಿ ಮುಚ್ಚಿದರೂ ಮುಖ ಬಯಲಲ್ಲೇ ಇರುತ್ತದೆ, ಒಂದು ಕಿವಿಯದು ತೆಗೆದರೆ ಮಾತು ಶುರು.

ಹಾಗೆಂದು ಕಣ್ಣು ಕಂಡುಬಿಟ್ಟರೆ ಎಲ್ಲ ಸರಿಹೋಗುವುದಿಲ್ಲ. 2013ರಲ್ಲಿ 1,500 ಡಾಲರಿಗೆ ಬಂದ, ಕ್ಯಾಮೆರಾ ಇದ್ದ ಕನ್ನಡಕ ಗೂಗಲ್ ಗ್ಲಾಸ್ ಕಣ್ಣು ಮುಚ್ಚುತ್ತಿರಲಿಲ್ಲ. ಆದರೂ ತಮ್ಮನ್ನು ಕದ್ದು ಚಿತ್ರೀಕರಿಸುತ್ತಾರೆಂಬ ಅನುಮಾನದಿಂದ ಅಮೆರಿಕದ ಕೆಲವು ಬಾರ್‌ಗಳು ಹಾಕಿಕೊಂಡವರನ್ನು ಒಳಗೇ ಬಿಡಲಿಲ್ಲ. 2015ರ ಜನವರಿಯಲ್ಲಿ ಗೂಗಲ್ ಜನಸಾಮಾನ್ಯರಿಗೆ ಅದರ ಮಾರಾಟ ನಿಲ್ಲಿಸಿತು.

ಹೆಡ್‌ಸೆಟ್ ಮನೆಯ ಕೋಣೆಯಲ್ಲಿ, ತರಬೇತಿಯಲ್ಲಿ, ವಿಮಾನದ ಸೀಟಿನಲ್ಲಿ ಉಳಿದುಕೊಳ್ಳುತ್ತದೆ. ಬೀದಿಗೆ ಬರುವುದು ಕನ್ನಡಕ. ರೇ-ಬ್ಯಾನ್ ಮೆಟಾ ಎಂಬ ಕ್ಯಾಮೆರಾ ಕನ್ನಡಕ ಸುಮಾರು 50 ಗ್ರಾಂ ಅಷ್ಟೆ, 2025ರಲ್ಲಿ ಭಾರತಕ್ಕೂ ಬಂತು. ನನಗೆ ಚಿಂತೆ ಇರುವುದು ಇದರದ್ದೇ. ಮದುವೆ ಮನೆಯಲ್ಲಿ ಯಾರಾದರೂ ಫೋನ್ ಎತ್ತಿದರೆ ಹೆಂಗಸರು ಸೆರಗು ಸರಿಮಾಡಿಕೊಳ್ಳುತ್ತಾರೆ, ಬೇಡ ಅನ್ನುವವರು ಮುಖ ತಿರುಗಿಸುತ್ತಾರೆ. ಈ ಕನ್ನಡಕದಲ್ಲಿ ಚಿತ್ರೀಕರಣ ನಡೆಯುವಾಗ ಫ್ರೇಮಿನ ಮೂಲೆಯಲ್ಲಿ ಒಂದು ಪುಟ್ಟ ದೀಪ ಹೊತ್ತಿಕೊಳ್ಳುತ್ತದೆ, ಸುಳಿವು ಅಷ್ಟೇ. ಆ ದೀಪ ಏನು ಎಂದು ನಮ್ಮಮ್ಮನಿಗೆ ಗೊತ್ತಿಲ್ಲ. ಈ ಭಾನುವಾರ ಗೆಳೆಯನ ಕನ್ನಡಕ ತಂದು ತೋರಿಸಿಕೊಡಬೇಕು ಅಂತಿದ್ದೇನೆ.