ಓದುಗರ ಪ್ರಶ್ನೆ, ನಮ್ಮ ಉತ್ತರ: ಧರಣಿ ಕೂತವರಿಗೂ ಸರ್ಕಾರಕ್ಕೂ ರಾಜಿ ಹೇಗೆ?

ಪ್ರಶ್ನೆ: ನಾನು ನಿವೃತ್ತ ಪ್ರೌಢಶಾಲಾ ಶಿಕ್ಷಕ. 1980ರ ರೈತರ ಗಲಾಟೆಯನ್ನು ಕಣ್ಣಾರೆ ಕಂಡವನು, ಮಹದಾಯಿ ನದಿ ನೀರಿನ ಹೋರಾಟದ ಪೆಂಡಾಲಿನಲ್ಲಿಯೂ ಕೂತು ಬಂದವನು. ಆದರೂ ಒಂದು ಸಂದೇಹ ಬಿಡದೆ ಕಾಡುತ್ತದೆ. ಕೋಟ್ಯಂತರ ಜನರು ಮತ ಹಾಕಿ ಆರಿಸಿದ ಸರ್ಕಾರವು ರಸ್ತೆಯಲ್ಲಿ ಕೂತ ಕೆಲವು ನೂರು ಮಂದಿಯ ಮಾತಿಗೆ ಮಣಿದರೆ ಉಳಿದವರ ಮತಕ್ಕೆ ಬೆಲೆ ಏನು? ಮಣಿಯದಿದ್ದರೆ ಕೂತವರು ಏಳುವುದಾದರೂ ಹೇಗೆ? ಎರಡೂ ಕಡೆಯವರ ಮರ್ಯಾದೆ ಉಳಿಯುವ ದಾರಿ ಇದೆಯೇ?
(ಹೆಸರು ಬೇಡ ಎಂದಿದ್ದಾರೆ, ನವಲಗುಂದ)

ಉತ್ತರ: ಮತದಾರನು ಐದು ವರ್ಷಕ್ಕೊಮ್ಮೆ ಆಳುವವರನ್ನು ಆರಿಸುತ್ತಾನೆ ನಿಜ, ಆದರೆ ಆ ಐದು ವರ್ಷಗಳಲ್ಲಿ ಅವರು ಮಾಡುವ ಪ್ರತಿಯೊಂದು ತೀರ್ಮಾನಕ್ಕೂ ಮುಂಗಡವಾಗಿ ಸಹಿ ಹಾಕಿ ಕೊಟ್ಟಿರುವುದಿಲ್ಲ. ಹಾವೇರಿಯನ್ನು ನೆನೆಯಿರಿ. 2008ರ ಮೇ 30ರಂದು ಹೊಸ ಸರ್ಕಾರ ಪ್ರಮಾಣವಚನ ಸ್ವೀಕರಿಸಿತು. ಜೂನ್ 10ರಂದು ಹಾವೇರಿಯಲ್ಲಿ ಗೊಬ್ಬರ ಕೇಳಿ ಬೀದಿಗಿಳಿದ ರೈತರ ಮೇಲೆ ಗೋಲಿಬಾರ್ ಆಯಿತು. ನಡುವೆ ಇದ್ದದ್ದು ಹನ್ನೊಂದು ದಿನ. ಜನಾದೇಶದ ಮಸಿ ಬೆರಳಿನ ಮೇಲೆ ಇನ್ನೂ ಆರಿರದಿದ್ದರೂ ಅದರಿಂದ ಒಂದು ಚೀಲ ಗೊಬ್ಬರವೂ ಬರುವಂತಿರಲಿಲ್ಲ, ಮತ್ತು ಮಳೆ ಬಿದ್ದು ಹದ ಬಂದ ಹೊಲ ಮುಂದಿನ ಚುನಾವಣೆಯವರೆಗೆ ಕಾಯುವಂತಿರಲಿಲ್ಲ. ಸರ್ಕಾರಕ್ಕೆ ಮತ ಹಾಕಿದವರೇ ಆ ಸಾಲಿನಲ್ಲಿ ನಿಂತಿರಲೂಬಹುದು. ಆದ್ದರಿಂದ ಮತ ಹಾಕಿದವರು ಒಂದು ಕಡೆ, ಧರಣಿ ಕೂತವರು ಇನ್ನೊಂದು ಕಡೆ ಎಂದು ಎಣಿಸುವ ಲೆಕ್ಕವೇ ತಪ್ಪು.

ಇನ್ನು ರಾಜಿಯ ಮಾತು. ಯಾವ ಬಿಕ್ಕಟ್ಟಿನಲ್ಲಿಯೂ ಯಾರದು ಸರಿ, ಯಾರದು ತಪ್ಪು ಎಂದು ನಾವು ಮೊದಲು ಕೇಳುತ್ತೇವೆ. ನನ್ನ ಅಭಿಪ್ರಾಯದಲ್ಲಿ ಮೊದಲು ಕೇಳಬೇಕಾದದ್ದು ಬೇರೆ: ಇವರು ಕೇಳುತ್ತಿರುವುದನ್ನು ಕೊಡುವ ಅಧಿಕಾರ ಯಾರ ಕೈಯಲ್ಲಿದೆ? ನೀವು ಕೂತು ಬಂದ ಪೆಂಡಾಲನ್ನೇ ತೆಗೆದುಕೊಳ್ಳಿ. 2015ರ ಜುಲೈನಲ್ಲಿ ನರಗುಂದದಲ್ಲಿ ಧರಣಿ ಆರಂಭವಾದಾಗ ಗೋವಾ ಜೊತೆಗಿನ ಮಹದಾಯಿ ವಿವಾದವು ನ್ಯಾಯಮಂಡಳಿಯ ಮುಂದಿತ್ತು. ಆ ಮಂಡಳಿ ರಚನೆಯಾದದ್ದು 2010ರಲ್ಲಿ. 1956ರ ಅಂತರರಾಜ್ಯ ಜಲವಿವಾದ ಕಾಯ್ದೆಯ ಪ್ರಕಾರ ಮಾತುಕತೆಯಿಂದ ಇತ್ಯರ್ಥವಾಗದು ಎಂದು ಕೇಂದ್ರಕ್ಕೆ ಅನ್ನಿಸಿದ ಮೇಲಷ್ಟೇ ಇಂತಹ ಮಂಡಳಿ ರಚನೆಯಾಗುತ್ತದೆ. ಅಂದರೆ ನೀರು ಬಿಡುವ ಅಧಿಕಾರ ಬೆಂಗಳೂರಿನಲ್ಲಿಯೂ ಇರಲಿಲ್ಲ, ಪಣಜಿಯ ಒಪ್ಪಿಗೆಯೊಂದರಿಂದಲೇ ಮುಗಿಯುವಂತಿರಲಿಲ್ಲ, ದಿಲ್ಲಿಯೂ ಮಂಡಳಿಯತ್ತ ಕೈ ತೋರಿಸುತ್ತಿತ್ತು. ಆದರೆ ಮನವಿ ಪತ್ರ ಸ್ವೀಕರಿಸಲು ಬರುತ್ತಿದ್ದವರು ಯಾರು? ತಹಸೀಲ್ದಾರರು. ಅಂತಹ ಒಂದು ಮನವಿ ಸಲ್ಲಿಕೆಗೆ ನಾನೂ ಸಾಕ್ಷಿಯಾಗಿದ್ದೆ. ಅಧಿಕಾರಿ ಜೀಪಿನಿಂದ ಇಳಿದು, ಎರಡೂ ಕೈಯಿಂದ ಹಾಳೆ ತೆಗೆದುಕೊಂಡು, ಮೊಬೈಲುಗಳ ಎದುರು ಅದನ್ನು ಎದೆಯ ಮಟ್ಟಕ್ಕೆ ಹಿಡಿದು ನಿಂತರು. ‘ಮೇಲಿನವರ ಗಮನಕ್ಕೆ ತರುತ್ತೇನೆ’ ಎಂದರು. ಪೆಂಡಾಲಿನ ಮೂಲೆಯಲ್ಲಿ ರೊಟ್ಟಿಯ ಬುಟ್ಟಿ ಬಿಚ್ಚುತ್ತಿದ್ದ ಅಜ್ಜಿಯೊಬ್ಬರು ‘ಆ ಮ್ಯಾಲಿನಾವ್ರು ಎಷ್ಟ್ ಮ್ಯಾಲ ಅದಾರಪಾ?’ ಎಂದು ಕೇಳಿದ್ದು ಅಧಿಕಾರಿಗೆ ಕೇಳಿಸಿತೋ ಇಲ್ಲವೋ ತಿಳಿಯದು. ಸಂಧಾನದ ಇಡೀ ಸಮಸ್ಯೆ ಆ ಒಂದು ಪ್ರಶ್ನೆಯಲ್ಲಿತ್ತು.

ಅದೇ ಹೋರಾಟದ ಇನ್ನೊಂದು ಪ್ರಸಂಗವನ್ನು ನೋಡಿ. 2017ರ ಡಿಸೆಂಬರಿನಲ್ಲಿ ಗೋವಾದ ಅಂದಿನ ಮುಖ್ಯಮಂತ್ರಿ ಮನೋಹರ್ ಪರಿಕ್ಕರ್ ಅವರು ಕುಡಿಯುವ ನೀರಿನ ವಿಷಯದಲ್ಲಿ ಮಾತುಕತೆಗೆ ಸಿದ್ಧವೆಂಬ ಅರ್ಥದ ಪತ್ರ ಬರೆದರು. ಆದರೆ ಆ ಪತ್ರ ಹೋದದ್ದು ಕರ್ನಾಟಕ ಸರ್ಕಾರಕ್ಕಲ್ಲ, ಬಿಜೆಪಿಯ ರಾಜ್ಯ ಘಟಕದ ಅಧ್ಯಕ್ಷರಾಗಿದ್ದ ಯಡಿಯೂರಪ್ಪನವರಿಗೆ. ಪತ್ರದ ಒಳಗಿದ್ದ ಮಾತು ಒಳ್ಳೆಯದೇ ಇರಬಹುದು, ವಿಳಾಸ ತಪ್ಪಿತ್ತು. ಸರ್ಕಾರ ಸರ್ಕಾರಕ್ಕೆ ಬರೆದ ಪತ್ರವನ್ನು ನ್ಯಾಯಮಂಡಳಿಯ ಮುಂದಿಡಬಹುದು, ಪಕ್ಷದ ಅಧ್ಯಕ್ಷರಿಗೆ ಬರೆದದ್ದನ್ನು ಪತ್ರಿಕಾಗೋಷ್ಠಿಯಲ್ಲಿ ಓದಬಹುದು, ಅಷ್ಟೇ. ಬಿಕ್ಕಟ್ಟು ಸಡಿಲವಾಗಲಿಲ್ಲ, ರೈತರು ಬೆಂಗಳೂರಿಗೆ ಹೋಗಿ ಬಿಜೆಪಿ ಕಚೇರಿಯ ಎದುರೇ ಕೂತರು. ಕೊನೆಗೆ ಮಂಡಳಿ ತನ್ನ ತೀರ್ಪನ್ನು 2018ರ ಆಗಸ್ಟ್ 14ರಂದು ಕೊಟ್ಟಿತು. ಕರ್ನಾಟಕಕ್ಕೆ ಹಂಚಿಕೆಯಾದ 13.42 ಟಿಎಂಸಿಯಲ್ಲಿ ಕಳಸಾ, ಬಂಡೂರಿ ಹಳ್ಳಗಳಿಂದ ಮಲಪ್ರಭಾ ನದಿಗೆ ತಿರುಗಿಸಬಹುದಾದದ್ದು 3.90 ಟಿಎಂಸಿ, ದೊಡ್ಡ ಪಾಲು ವಿದ್ಯುತ್ ಉತ್ಪಾದನೆಗೆ. ಅದು ರಾಜಪತ್ರದಲ್ಲಿ ಪ್ರಕಟವಾಗಲು 2020ರ ಫೆಬ್ರುವರಿ ಬರಬೇಕಾಯಿತು.

1980ರ ಕಥೆ ಇದಕ್ಕೆ ತಿರುವುಮುರುವು. ಬೆಟರ್‌ಮೆಂಟ್ ಲೆವಿ ಎಂದು ಎಲ್ಲರ ಬಾಯಲ್ಲಿದ್ದ, ನೀರಾವರಿಯಿಂದ ಜಮೀನಿನ ಬೆಲೆ ಏರಿತೆಂದು ವಿಧಿಸುವ ಆ ಕರವನ್ನು ಮಲಪ್ರಭಾ ಅಚ್ಚುಕಟ್ಟಿನ ರೈತರ ಮೇಲೆ ಹಾಕಿದ್ದು ರಾಜ್ಯ ಸರ್ಕಾರ, ತೆಗೆಯಬಲ್ಲದ್ದೂ ರಾಜ್ಯ ಸರ್ಕಾರ. ನ್ಯಾಯಮಂಡಳಿ ಇರಲಿಲ್ಲ, ನೆರೆರಾಜ್ಯ ಇರಲಿಲ್ಲ, ದಿಲ್ಲಿಯ ಒಪ್ಪಿಗೆ ಬೇಕಿರಲಿಲ್ಲ. ಒಂದು ಸಚಿವ ಸಂಪುಟ ಸಭೆಯಲ್ಲಿ ಮುಗಿಯಬಹುದಾಗಿದ್ದ ವಿಷಯವನ್ನು ಕಂದಾಯ ಕಚೇರಿಯ ಬಾಗಿಲಿಗೆ ಬಿಟ್ಟುಬಿಟ್ಟರು. ಜುಲೈ 21ರಂದು ನರಗುಂದ, ನವಲಗುಂದ ಎರಡೂ ಕಡೆ ಗೋಲಿಬಾರ್ ಆಯಿತು. ರೈತರೂ ಸತ್ತರು, ಪೊಲೀಸರೂ ಸತ್ತರು. 1983ರ ಜನವರಿಯ ಚುನಾವಣೆಯಲ್ಲಿ ಗುಂಡೂರಾವ್ ಅವರ ಸರ್ಕಾರ ಅಧಿಕಾರ ಕಳೆದುಕೊಂಡಿತು. ಇಂದಿಗೂ ಪ್ರತಿ ವರ್ಷ ಆ ದಿನ ನರಗುಂದದ ವೀರಗಲ್ಲಿಗೆ ಎಲ್ಲ ಪಕ್ಷದವರೂ ಹಾರ ಹಾಕುತ್ತಾರೆ. ಹಾರ ಹಾಕುವವರಲ್ಲಿ ಆಳುವ ಪಕ್ಷದವರೂ ಇರುತ್ತಾರೆ.

ಮರ್ಯಾದೆಯ ವಿಷಯ ಕೇಳಿದ್ದೀರಿ. ಸರ್ಕಾರಕ್ಕೆ ‘ರಸ್ತೆಗೆ ಮಣಿಯಿತು’ ಎನ್ನಿಸಿಕೊಳ್ಳುವ ಭಯವಿದ್ದರೆ ಅದಕ್ಕೊಂದು ಹಳೆಯ ಉಪಾಯ ಇದೆ: ವಿಷಯವನ್ನು ಸದನಕ್ಕೆ ತರುವುದು. ಸಂವಿಧಾನದ 164ನೆಯ ವಿಧಿಯ ಪ್ರಕಾರ ಮಂತ್ರಿಮಂಡಲವು ಸಾಮೂಹಿಕವಾಗಿ ವಿಧಾನಸಭೆಗೆ ಹೊಣೆಯಾಗಿರುತ್ತದೆ. ಬೇಡಿಕೆ ಅಲ್ಲಿ ಚರ್ಚೆಯಾಗಿ, ಅಲ್ಲಿಯೇ ತೀರ್ಮಾನವಾದರೆ ಅದು ಧರಣಿಗೆ ಕೊಟ್ಟ ದಾನವಲ್ಲ, ನೀವೂ ನಾನೂ ಆರಿಸಿ ಕಳಿಸಿದ ಸಭೆಯ ನಿರ್ಣಯ. ಚಳಿಗಾಲದ ಅಧಿವೇಶನ ನಡೆಯುವಾಗ ಬೆಳಗಾವಿಯ ಸುವರ್ಣ ಗಾರ್ಡನ್‌ನಲ್ಲಿ, ಕೊಂಡಸಕೊಪ್ಪದಲ್ಲಿ ಸಾಲು ಸಾಲಾಗಿ ಟೆಂಟುಗಳು ಏಳುತ್ತವೆ. ಸಚಿವರು ಅಲ್ಲಿಗೆ ಬಂದು ಹೋಗುತ್ತಾರೆ. ಆದರೆ ಆ ಟೆಂಟಿನ ಮಾತು ಒಂದೆರಡು ಕಿಲೋಮೀಟರ್ ಆಚೆಯ ಸದನಕ್ಕೆ ತಲುಪುವುದು ಎಷ್ಟು ಸಲ? ಪ್ರತಿಭಟನಕಾರರ ಮರ್ಯಾದೆ ಉಳಿಯುವುದು ಬರಹದಿಂದ. ಬಾಯಿಮಾತಿನ ಭರವಸೆ ನಂಬಿ ಎದ್ದ ಮುಖಂಡನನ್ನು ಊರಿನವರು ‘ಎಷ್ಟಕ್ಕ ಮಾರ್ಕೊಂಡಿ?’ ಎಂದು ಕೇಳುತ್ತಾರೆ. ಆತನ ಜೇಬಿನಲ್ಲಿ ಮೊಹರು ಬಿದ್ದ, ದಿನಾಂಕವಿರುವ, ಯಾರು ಯಾವ ತಾರೀಖಿನೊಳಗೆ ಏನು ಮಾಡುತ್ತಾರೆಂದು ಬರೆದ ಒಂದು ಹಾಳೆ ಇದ್ದರೆ ಆ ಪ್ರಶ್ನೆ ಹುಟ್ಟುವುದಿಲ್ಲ. ಕೃಷಿ ಕಾಯ್ದೆಗಳ ವಿಷಯದಲ್ಲಿ ಪ್ರಧಾನಿಯವರೇ ಟಿವಿಯಲ್ಲಿ ಬಂದು ಹಿಂತೆಗೆತ ಘೋಷಿಸಿದ್ದು 2021ರ ನವೆಂಬರ್ 19ರಂದು, ಸಂಸತ್ತು ರದ್ದತಿ ಮಸೂದೆಗೆ ಒಪ್ಪಿಗೆ ಕೊಟ್ಟದ್ದು 29ರಂದು. ಆದರೂ ದಿಲ್ಲಿಯ ಗಡಿಯಲ್ಲಿದ್ದ ರೈತರು ಏಳಲು ಒಪ್ಪಿದ್ದು ಡಿಸೆಂಬರ್ 9ರಂದು, ಉಳಿದ ಬೇಡಿಕೆಗಳ ಬಗೆಗೆ ಕೃಷಿ ಸಚಿವಾಲಯದ ಪತ್ರ ಕೈ ಸೇರಿದ ಮೇಲೆ. ಅನುಭವಸ್ಥರ ಲಕ್ಷಣ ಅದು.

ಪ್ರಶ್ನೆ: ಗದಗ ಜಿಲ್ಲೆಯಲ್ಲಿ ಮಠಾಧೀಶರು ಮಧ್ಯೆ ಬಂದು ದೊಡ್ಡ ದೊಡ್ಡ ಬಿಕ್ಕಟ್ಟುಗಳನ್ನು ಬಗೆಹರಿಸಿದ್ದಾರೆ. ಎಲ್ಲ ಹೋರಾಟಗಳಿಗೂ ಇಂತಹ ಮಧ್ಯಸ್ಥಿಕೆಯನ್ನು ಕಾಯಂ ವ್ಯವಸ್ಥೆ ಮಾಡಬಾರದೇಕೆ?
(ಓದುಗರೊಬ್ಬರು, ಮುಂಡರಗಿ)

ಉತ್ತರ: ನೀವು ಹೇಳುತ್ತಿರುವುದು ತೋಂಟದಾರ್ಯ ಮಠದ ಸಿದ್ಧಲಿಂಗ ಸ್ವಾಮೀಜಿಯವರನ್ನು ಕುರಿತು ಎಂದು ಭಾವಿಸುತ್ತೇನೆ. ಆದರೆ ಒಂದು ತಿದ್ದುಪಡಿ. ಅವರು ಮಧ್ಯಸ್ಥರಾಗಿರಲಿಲ್ಲ, ಒಂದು ಪಕ್ಷದ ಮುಂದಾಳಾಗಿದ್ದರು. ಹಳ್ಳಿಗುಡಿ ಸುತ್ತಿನ ಫಲವತ್ತಾದ ಎರೆ ಹೊಲಗಳನ್ನು ಪೋಸ್ಕೋ ಉಕ್ಕಿನ ಕಾರ್ಖಾನೆಗೆ ಕೊಡಬಾರದೆಂದು ಅವರು ರೈತರ ಜೊತೆ ನಿಂತರು. 2011ರಲ್ಲಿ ರಾಜ್ಯ ಸರ್ಕಾರ ಭೂಸ್ವಾಧೀನವನ್ನು ಕೈಬಿಟ್ಟಿತು. ಕಪ್ಪತಗುಡ್ಡಕ್ಕೆ 2015ರಲ್ಲಿ ಕೊಟ್ಟಿದ್ದ ಸಂರಕ್ಷಿತ ಮೀಸಲು ಸ್ಥಾನವನ್ನು 2016ರಲ್ಲಿ ಸರ್ಕಾರ ಹಿಂತೆಗೆದುಕೊಂಡಾಗ, 2017ರ ಫೆಬ್ರುವರಿಯಲ್ಲಿ ಗದಗದಲ್ಲಿ ಅವರು ಧರಣಿ ಕೂತರು. ಅದೇ ವರ್ಷ ಆ ಸ್ಥಾನ ಮರಳಿತು, 2019ರಲ್ಲಿ ವನ್ಯಜೀವಿಧಾಮವೂ ಆಯಿತು. ಎರಡೂ ಗೆದ್ದದ್ದಕ್ಕೆ ಅವರ ನೈತಿಕ ತೂಕ ಒಂದು ಕಾರಣವಾದರೆ, ಮೇಲಿನ ಉತ್ತರದಲ್ಲಿ ಹೇಳಿದ್ದೇ ಇನ್ನೊಂದು ಕಾರಣ: ಕೇಳಿದ್ದು ರಾಜ್ಯದ ಕೈಯಳತೆಯಲ್ಲಿತ್ತು, ಒಂದು ಅಧಿಸೂಚನೆಯಿಂದ ಆಗುವಂತಿತ್ತು. ಮಹದಾಯಿಗಾಗಿಯೂ ಹಲವು ಮಠಾಧೀಶರು ಬೀದಿಗೆ ಬಂದರು, ನೀರು ಬರಲಿಲ್ಲ.

ನಿಜವಾದ ಮಧ್ಯಸ್ಥರಿಗೆ ಇರಬೇಕಾದ ಗುಣ ಬೇರೆ. ಎರಡೂ ಕಡೆಯವರು ಅವರ ಮುಂದೆ ಬಂದು ಕೂರಲು ಒಪ್ಪಬೇಕು. 2021ರ ಜನವರಿ 12ರಂದು ಸುಪ್ರೀಂ ಕೋರ್ಟ್ ಕೃಷಿ ಕಾಯ್ದೆಗಳಿಗೆ ತಡೆ ಕೊಟ್ಟು ಸಮಿತಿ ನೇಮಿಸಿದಾಗ, ಸದಸ್ಯರು ಮೊದಲೇ ಕಾಯ್ದೆಗಳ ಪರ ಮಾತಾಡಿದವರೆಂದು ರೈತ ಸಂಘಟನೆಗಳು ಅತ್ತ ತಲೆ ಹಾಕಲಿಲ್ಲ. ದೇಶದ ಅತ್ಯುನ್ನತ ನ್ಯಾಯಾಲಯವೇ ಹೆಸರಿಸಿದರೂ ನಂಬಿಕೆ ನೇಮಕಾತಿ ಪತ್ರದ ಜೊತೆ ಬರಲಿಲ್ಲ. ಕಾಯಂ ವ್ಯವಸ್ಥೆ ಮಾಡಿದರೆ ಅದು ಇನ್ನೊಂದು ನಿಗಮ ಮಂಡಳಿಯಾಗಿ, ಅದರ ಅಧ್ಯಕ್ಷಗಿರಿಗೆ ಶಾಸಕರು ಪೈಪೋಟಿ ನಡೆಸುವ ದಿನ ದೂರವಿರುವುದಿಲ್ಲ.

ಪ್ರಶ್ನೆ: ಇಷ್ಟೆಲ್ಲ ತಾಪತ್ರಯವೇಕೆ? ಜನರ ವಿಶ್ವಾಸ ಹೋಯಿತೆಂದರೆ ಸರ್ಕಾರ ರಾಜೀನಾಮೆ ಕೊಟ್ಟು ಚುನಾವಣೆಗೆ ಹೋಗಲಿ.
(ಪದವಿ ವಿದ್ಯಾರ್ಥಿನಿ, ಹಾವೇರಿ)

ಉತ್ತರ: ಥಾಯ್ಲೆಂಡಿನಲ್ಲಿ ಹಾಗೆಯೇ ಮಾಡಿ ನೋಡಿದರು. ಪ್ರತಿಭಟನೆ ಕೈ ಮೀರಿದಾಗ ಪ್ರಧಾನಿ ಯಿಂಗ್ಲಕ್ ಶಿನವಾತ್ರ 2013ರ ಡಿಸೆಂಬರಿನಲ್ಲಿ ಸಂಸತ್ತನ್ನು ವಿಸರ್ಜಿಸಿ ಚುನಾವಣೆ ಘೋಷಿಸಿದರು. ಆದರೆ ಚಳವಳಿಗಾರರಿಗೆ ಬೇಕಾಗಿದ್ದದ್ದು ಚುನಾವಣೆಯಲ್ಲ, ಶಿನವಾತ್ರ ಕುಟುಂಬ ಆಡಳಿತದಿಂದ ತೊಲಗುವುದು. ಚುನಾವಣೆ ನಡೆದರೆ ಮತ್ತೆ ಅವರೇ ಗೆಲ್ಲುತ್ತಾರೆಂದು ಅವರಿಗೆ ಗೊತ್ತಿತ್ತು. ಮುಖ್ಯ ವಿರೋಧ ಪಕ್ಷ 2014ರ ಫೆಬ್ರುವರಿ 2ರ ಮತದಾನವನ್ನು ಬಹಿಷ್ಕರಿಸಿತು, ಹಲವು ಕ್ಷೇತ್ರಗಳಲ್ಲಿ ಮತಗಟ್ಟೆಗಳೇ ತೆರೆಯಲಿಲ್ಲ, ಮಾರ್ಚಿನಲ್ಲಿ ಸಂವಿಧಾನ ನ್ಯಾಯಾಲಯ ಆ ಚುನಾವಣೆಯನ್ನೇ ಅಸಿಂಧುಗೊಳಿಸಿತು. ಮೇ 22ರಂದು ಸೇನೆ ಅಧಿಕಾರ ಹಿಡಿಯಿತು. ಇಬ್ಬರ ಜಗಳ ಮೂರನೆಯವರಿಗೆ ಲಾಭ ಎನ್ನುವುದನ್ನು ನಮ್ಮಲ್ಲಿ ಬೆಕ್ಕು, ಮಂಗ, ಬೆಣ್ಣೆಯ ಕಥೆಯಾಗಿ ಮಕ್ಕಳಿಗೆ ಹೇಳುತ್ತೇವೆ.

ನಿಮ್ಮ ಸಲಹೆ ತಪ್ಪೆಂದು ಹೇಳುತ್ತಿಲ್ಲ. ಜಗಳ ಸರ್ಕಾರದ ಬಗೆಗೇ ಇದ್ದು, ಸೋತವರು ಫಲಿತಾಂಶ ಒಪ್ಪುತ್ತೇವೆಂದು ಮೊದಲೇ ಮಾತು ಕೊಟ್ಟಿದ್ದರೆ ಚುನಾವಣೆ ಒಳ್ಳೆಯ ಮದ್ದು. ಗೊಬ್ಬರಕ್ಕೆ, ನೀರಿಗೆ, ಬೆಳೆಯ ಬೆಲೆಗೆ ಎದ್ದ ಜಗಳಕ್ಕೆ ಅದು ಔಷಧವಲ್ಲ. ಹೊಸ ಮಂತ್ರಿಗಳೂ ಅದೇ ಕಡತವನ್ನೇ ತೆರೆಯಬೇಕಾಗುತ್ತದೆ.

ಪ್ರಶ್ನೆ: ಚನ್ನಮ್ಮ ವೃತ್ತದಲ್ಲಿ ಯಾವಾಗ ನೋಡಿದರೂ ರಸ್ತೆ ತಡೆ. ನಮ್ಮ ಅಂಗಡಿಯ ವ್ಯಾಪಾರ ಹಾಳಾಗುವುದು ಯಾರ ಹಕ್ಕು?
(ಬಟ್ಟೆ ವ್ಯಾಪಾರಿ, ಹುಬ್ಬಳ್ಳಿ)

ಉತ್ತರ: ಶಾಂತಿಯುತವಾಗಿ, ನಿರಾಯುಧರಾಗಿ ಸೇರುವುದು ಸಂವಿಧಾನದ 19ನೆಯ ವಿಧಿ ಕೊಟ್ಟ ಹಕ್ಕು, ಸಾರ್ವಜನಿಕ ರಸ್ತೆಯನ್ನು ಅನಿರ್ದಿಷ್ಟ ಕಾಲ ಹಿಡಿದು ಕೂರುವಂತಿಲ್ಲ ಎಂದು ಸುಪ್ರೀಂ ಕೋರ್ಟ್ ಶಾಹೀನ್ ಬಾಗ್ ಪ್ರಕರಣದಲ್ಲಿ 2020ರ ಅಕ್ಟೋಬರಿನಲ್ಲಿ ಹೇಳಿದೆ. ನಿಮ್ಮ ಸಿಟ್ಟು ನ್ಯಾಯವಾದದ್ದೇ. ಆದರೆ ಊರ ಹೊರಗಿನ ಮೈದಾನದಲ್ಲಿ ಕೂತವರನ್ನು ಮಾತಾಡಿಸಲು ಯಾರೂ ಹೋಗದಿದ್ದರೆ ಅವರು ವೃತ್ತಕ್ಕೆ ಬಂದೇ ಬರುತ್ತಾರೆ ಎನ್ನುವುದನ್ನೂ ಲೆಕ್ಕಕ್ಕೆ ಹಿಡಿಯಿರಿ.

ಪ್ರಶ್ನೆ: ಹೋರಾಟ ಮುಗಿದರೂ ಕೇಸು ಮುಗಿಯುವುದಿಲ್ಲ. ‘ಎಲ್ಲ ಪ್ರಕರಣ ವಾಪಸ್’ ಎಂದು ಮಂತ್ರಿಗಳು ವೇದಿಕೆಯಲ್ಲಿ ಹೇಳಿದ ಮೇಲೂ ಸಮನ್ಸ್ ಬರುವುದೇಕೆ?
(ರೈತ, ನರಗುಂದ ತಾಲ್ಲೂಕು)

ಉತ್ತರ: ಏಕೆಂದರೆ ಪ್ರಕರಣ ಹಿಂತೆಗೆಯುವುದು ಮಂತ್ರಿಗಳ ಕೈಯಲ್ಲಿಲ್ಲ. ಸಚಿವ ಸಂಪುಟ ತೀರ್ಮಾನ ಮಾಡಬಹುದು, ಅನಂತರ ಸರ್ಕಾರಿ ಅಭಿಯೋಜಕರು ತಾವೇ ವಿಚಾರಮಾಡಿ ನ್ಯಾಯಾಲಯಕ್ಕೆ ಅರ್ಜಿ ಹಾಕಬೇಕು, ನ್ಯಾಯಾಲಯ ಒಪ್ಪಬೇಕು. ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ 321ನೆಯ ಕಲಮಿನಲ್ಲಿದ್ದ ಈ ನಿಯಮ 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ 360ನೆಯ ಕಲಮು. 2016ರ ಜುಲೈ 27ರಂದು ಮಹದಾಯಿ ನ್ಯಾಯಮಂಡಳಿ ಕರ್ನಾಟಕದ 7.56 ಟಿಎಂಸಿಯ ಮಧ್ಯಂತರ ಅರ್ಜಿ ತಿರಸ್ಕರಿಸಿದಾಗ ನಿಮ್ಮ ಭಾಗ ಹೊತ್ತಿ ಉರಿದದ್ದು ನೆನಪಿದೆ. ಅಂದಿನ ಆರೋಪಿಯೊಬ್ಬರು ವಾಯಿದೆಯ ತಾರೀಖುಗಳನ್ನು ಬರೆದುಕೊಂಡ ಚೀಟಿಯನ್ನು ಗೊಬ್ಬರದ ಚೀಲದ ಪ್ಲಾಸ್ಟಿಕ್ಕಿನಲ್ಲಿ ಮಡಚಿ ಅಂಗಿಯ ಒಳಜೇಬಿನಲ್ಲಿ ಇಟ್ಟುಕೊಂಡಿದ್ದನ್ನು ನನಗೆ ತೋರಿಸಿದ್ದರು. ಪ್ರತಿ ತಾರೀಖಿಗೂ ಒಂದು ದಿನದ ಕೂಲಿ, ಬಸ್ಸಿನ ಚಾರ್ಜು, ವಕೀಲರ ಚಹಾ.

ಆದ್ದರಿಂದ ಮುಂದೆ ಯಾವ ಸಂಧಾನ ಪತ್ರಕ್ಕೆ ಸಹಿ ಹಾಕುವಾಗಲೂ ‘ಪ್ರಕರಣ ಹಿಂಪಡೆಯಲಾಗುವುದು’ ಎಂಬ ಸಾಲನ್ನು ಒಪ್ಪಿಕೊಳ್ಳಬೇಡಿ. ಪ್ರತಿಯೊಂದು ಪ್ರಕರಣದ ಅಪರಾಧ ಸಂಖ್ಯೆ, ಪೊಲೀಸ್ ಠಾಣೆ, ನ್ಯಾಯಾಲಯ ಇವುಗಳ ಪಟ್ಟಿಯನ್ನು ಪತ್ರಕ್ಕೆ ಲಗತ್ತಿಸಿ, ಅಭಿಯೋಜಕರಿಗೆ ಸರ್ಕಾರದ ಪತ್ರ ಯಾವ ತಾರೀಖಿನೊಳಗೆ ಹೋಗುತ್ತದೆಂದು ಬರೆಸಿಕೊಳ್ಳಿ. ಈಗಾಗಲೇ ಸಂಪುಟದ ತೀರ್ಮಾನ ಆಗಿದೆ ಎಂದು ನಿಮಗೆ ಹೇಳಿದ್ದರೆ, ಆ ಆದೇಶದ ಪ್ರತಿಯನ್ನು ಮಾಹಿತಿ ಹಕ್ಕಿನಲ್ಲಿ ಒಳಾಡಳಿತ ಇಲಾಖೆಯಿಂದ ಪಡೆದು, ನಿಮ್ಮ ಅಪರಾಧ ಸಂಖ್ಯೆ ಅದರಲ್ಲಿ ಇದೆಯೇ ಎಂದು ಮೊದಲು ನೋಡಿ. ಇದ್ದರೆ ಆ ಪ್ರತಿಯೊಂದಿಗೆ ನಿಮ್ಮ ವಕೀಲರ ಮೂಲಕ ಸರ್ಕಾರಿ ಅಭಿಯೋಜಕರನ್ನು ಕಾಣಿರಿ; ನ್ಯಾಯಾಲಯದ ಆದೇಶ ಬರುವವರೆಗೆ ವಾಯಿದೆಗೆ ಮಾತ್ರ ತಪ್ಪಬೇಡಿ, ತಪ್ಪಿದರೆ ವಾರಂಟ್ ಆಗುತ್ತದೆ.