ಫೈಬರ್ ದೋಣಿಯ ಅಡ್ಡಗೋಡೆ ಬಿಟ್ಟಿದ್ದಕ್ಕೆ ನನ್ನ ಉತ್ತರ

ಅಣ್ಣಾ, ಫೋಟೋ ನೋಡಿದೆ. ಬಸವಸಾಗರದ ಹಿನ್ನೀರಿನಲ್ಲಿ ಮೀನು ಹಿಡಿಯಲು ಮಾಡಿದ ಫೈಬರ್ ದೋಣಿ, ಎರಡು ಫೈಬರ್ ಪದರಗಳ ನಡುವೆ ಪಿವಿಸಿ ಫೋಮ್, ಅಡ್ಡಗೋಡೆ ತಳಕ್ಕೆ ಸೇರುವ ಕಡೆ ಬಿರುಕು. ಮೇಲೆ ಇನ್ನೆರಡು ಪದರ ಮ್ಯಾಟ್ (ಗ್ಲಾಸ್ ನಾರಿನ ಹಾಸು) ಎಳೆದರೆ ಸಾಕಾ ಅಂತ ಕೇಳಿದ್ದೀರಿ. ಸಾಲದು. ದಯವಿಟ್ಟು ಅಷ್ಟೇ ಮಾಡಿ ನೀರಿಗೆ ಇಳಿಸಬೇಡಿ.

ಬಾಗುವಾಗಿನ ಎಳೆತ, ಒತ್ತಡ ಹೊರುವುದು ಎರಡೂ ಕಡೆಯ ಫೈಬರ್ ಪದರ. ಅವೆರಡೂ ಜಾರದಂತೆ ಹಿಡಿಯುವುದು ಫೋಮ್. ಅಡ್ಡಗೋಡೆ ಕೂರುವ ಕಡೆ ಬಲವೆಲ್ಲ ಒಂದೇ ಗೆರೆಗೆ ಬೀಳುತ್ತದೆ. ಆಗ ಉಬ್ಬಿದ ಜೋಳದ ರೊಟ್ಟಿಯ ಪದರ ಎದ್ದಂತೆ ಫೈಬರ್ ಏಳುತ್ತದೆ. ಹೋದ ಬೇಸಿಗೆ ನನ್ನ ಹಳೆ ದೋಣಿ ಕೊಯ್ದು ನೋಡಿದೆ. ಅಂಟು ಬಿಟ್ಟಿರಲಿಲ್ಲ. ಫೋಮೇ ಸೀಳಿತ್ತು, ಕಿತ್ತ ಪದರದ ಬೆನ್ನಿಗೆ ಹಳದಿ ಫೋಮ್ ಪುಡಿ ಹತ್ತಿಕೊಂಡೇ ಇತ್ತು.

ಮೊದಲು ಬಿರುಕಿನ ಸುತ್ತ ನಾಣ್ಯದಿಂದ ಬಡಿಯಿರಿ. ಟಣ್ ಅಂದರೆ ಗಟ್ಟಿ. ಡಬ್ ಅಂದರೆ ಒಳಗೆ ಬಿಟ್ಟಿದೆ, ಅಷ್ಟೂ ಗುರುತು ಹಾಕಿ ಕಿತ್ತುಬಿಡಿ. ಅಲ್ಲಿ ಹೊಸ ಫೋಮ್ ಕೂರಿಸಿ ಮೇಲೆ ಮ್ಯಾಟ್ ಹಾಕಿ. ಹಳೇ ಫೈಬರ್ ಹೊಳಪು ಹೋಗುವವರೆಗೆ ಉಜ್ಜಿ.

ಅಡ್ಡಗೋಡೆ ತಳಕ್ಕೆ ನೇರ ತಾಗಬಾರದು. ಕೆಳಗೆ ಬೆರಳು ದಪ್ಪದ ಫೋಮ್ ಪಟ್ಟಿ ಇಡಿ. ರೆಸಿನ್‌ಗೆ (ನಾರನ್ನು ಹಿಡಿದು ಗಟ್ಟಿಯಾಗುವ ಅಂಟು ದ್ರವ) ಸಿಲಿಕಾ ಪುಡಿ ಕಲಸಿ ಮೂಲೆಗೆ ತುಂಬಿ, ಪೈಪ್ ತುಂಡಿನಿಂದ ಎಳೆದು ಗುಂಡಗೆ ಮಾಡಿ. ಬಲ ಹಂಚಿಹೋಗುವುದು ಈ ಗುಂಡಗಿನ ತಿರುವಿನಿಂದ, ಬರೀ ದಪ್ಪದಿಂದ ಅಲ್ಲ. ಅದರ ಮೇಲೆ ಒಂದರ ಮೇಲೊಂದು ಮೂರು ಮ್ಯಾಟ್ ಪಟ್ಟಿ. ನಾನು ಗೋಡೆಯ ಎರಡೂ ಮಗ್ಗುಲಿಗೆ ಮೂಲೆಯಿಂದ 50, 75, 100 ಮಿಲಿಮೀಟರ್ ಹಾಯುವಂತೆ ಹಾಕುತ್ತೇನೆ. ಎಲ್ಲ ಅಂಚೂ ಒಂದೇ ಕಡೆ ನಿಂತರೆ ಅಲ್ಲಿಂದಲೇ ಸುಲಿಯುತ್ತದೆ.

ಎಂಜಿನ್ ಬೋಲ್ಟನ್ನು ಬರೀ ಫೋಮಿನ ಮೇಲೆ ಬಿಗಿಯಬೇಡಿ, ಫೋಮ್ ನುಜ್ಜಾಗುತ್ತದೆ. ದೊಡ್ಡ ತೂತು ಕೊರೆದು ಸುತ್ತಲಿನ ಫೋಮ್ ತೆಗೆಯಿರಿ. ರೆಸಿನ್, ಕತ್ತರಿಸಿದ ಗ್ಲಾಸ್ ನಾರು ತುಂಬಿ, ಒಣಗಿದ ಮೇಲೆ ಮತ್ತೆ ಕೊರೆಯಿರಿ.

ಇದೇ ಚರ್ಚೆಯಲ್ಲಿ ಮೇಲೆ ಒಬ್ಬರು ಫೋಮ್ ಬದಲು ಥರ್ಮಾಕೋಲ್ ಅಗ್ಗ ಅಂದಿದ್ದಾರೆ. ಪಾಲಿಯೆಸ್ಟರ್ ರೆಸಿನ್‌ನಲ್ಲಿ ಸ್ಟೈರೀನ್ ಇರುತ್ತದೆ, ಥರ್ಮಾಕೋಲ್ ಕರಗಿಹೋಗುತ್ತದೆ. ಇನ್ನೊಬ್ಬರು ಫೋಮ್ ದೋಣಿನೇ ಬೇಡ, ಹರಿಗೋಲೇ ವಾಸಿ ಅಂದರು. ಸ್ವೀಡನ್ ನೌಕಾಪಡೆಯ ವಿಸ್ಬಿ ಯುದ್ಧನೌಕೆ ಸುಮಾರು 73 ಮೀಟರ್ ಉದ್ದ. ಅದರ ಮೈ ಕೂಡ ಹೀಗೇ, ಕಾರ್ಬನ್ ಫೈಬರ್ ನಡುವೆ ಪಿವಿಸಿ ಫೋಮ್. ಜೋಡಣೆ ಸರಿಯಿದ್ದರೆ ಇದು ಒಳ್ಳೇ ದೋಣಿ.

ನಮ್ಮ ಯಾದಗಿರಿ ಬಿಸಿಲಲ್ಲಿ ಮಧ್ಯಾಹ್ನ ರೆಸಿನ್ ಕಲಸಿದರೆ ಡಬ್ಬಿಯಲ್ಲೇ ಗಟ್ಟಿಯಾಗುತ್ತದೆ. ಬೆಳಿಗ್ಗೆ 6ಕ್ಕೇ ಶುರು ಮಾಡಿ, ಸ್ವಲ್ಪಸ್ವಲ್ಪವೇ ಕಲಸಿ. ಪಟ್ಟಿ ಹಾಕುವ ಮೊದಲು ಮೂಲೆಯ ಫೋಟೋ ಇಲ್ಲೇ ಹಾಕಿ, ನೋಡಿ ಹೇಳುತ್ತೇನೆ.